ವಾಟೆಯೊಳಗಿನ ದುಂಬಿ

ಮಾವಿನಹಣ್ಣು ತಿಂದು ಗೊರಟು ಒಡೆದಾಗ ಒಳಗಿಂದ ಕಪ್ಪು ದುಂಬಿಯೊಂದು ನಿಧಾನವಾಗಿ ಹೊರಗೆ ನಡೆದು ಬಂದದ್ದನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಸಿಪ್ಪೆಯ ಮೇಲೆ ತೂತಿಲ್ಲ, ತಿರುಳಿನಲ್ಲಿ ದಾರಿಯಿಲ್ಲ. ಹಾಗಾದರೆ ಇದು ಒಳಗೆ ಹೋದದ್ದು ಹೇಗೆ? ನಮ್ಮ ಸಾಗರದ ಕಡೆ ಗೊರಟಿಗೆ ವಾಟೆ ಎನ್ನುತ್ತೇವೆ. ಚಿಕ್ಕವರಿದ್ದಾಗ ಈ ಪ್ರಶ್ನೆ ಕೇಳಿದರೆ ದೊಡ್ಡವರು, 'ಅದು ವಾಟೆ ಒಳಗೇ ಹುಟ್ಟದು, ಸುಮ್ನೆ ತಿನ್ನು' ಎಂದುಬಿಡುತ್ತಿದ್ದರು. ಈಗ ಥಾಣೆಯ ನಮ್ಮ ಸೊಸೈಟಿಯ ಮಕ್ಕಳು ಕೇಳಿದರೆ ಅಪ್ಪಂದಿರು ಮೊಬೈಲ್ ತೆಗೆಯುತ್ತಾರೆ.

ದೊಡ್ಡವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಈ ದುಂಬಿ ನಿಜವಾಗಿಯೂ ವಾಟೆಯೊಳಗೇ ಬೆಳೆಯುತ್ತದೆ. ಆದರೆ ಬಾಗಿಲು ಹಾಕಿಕೊಂಡದ್ದು ಹಣ್ಣೇ ಹೊರತು ದುಂಬಿಯಲ್ಲ. ತಾಯಿದುಂಬಿ ಎಳೆಯ ಕಾಯಿಯ ಮೇಲೆ ಒಂದೊಂದೇ ಮೊಟ್ಟೆ ಇಟ್ಟು, ಪಕ್ಕದಲ್ಲಿ ಬಿದಿಗೆ ಚಂದ್ರನ ಆಕಾರದ ಸಣ್ಣ ಗಾಯ ಮಾಡುತ್ತದೆ. ಅದರಿಂದ ಒಸರುವ ಸೊನೆ ಮೊಟ್ಟೆಯ ಮೇಲೆ ಹರಿದು ಗಟ್ಟಿಯಾಗಿ ಹೊದಿಕೆಯಾಗುತ್ತದೆ. ಒಂದು ವಾರದೊಳಗೆ ಮರಿ ಹೊರಬಂದು ತಿರುಳು ಕೊರೆದುಕೊಂಡು ನೇರ ಬೀಜಕ್ಕೆ ಹೋಗುತ್ತದೆ. ಆಗ ವಾಟೆ ಇನ್ನೂ ಮೆತ್ತಗಿರುತ್ತದೆ. ಕಾಯಿ ಬೆಳೆಯುತ್ತ ಹೋದಂತೆ ಆ ದಾರಿ ಕೂಡಿಕೊಂಡು ಮುಚ್ಚುತ್ತದೆ, ವಾಟೆ ಗಟ್ಟಿಯಾಗುತ್ತದೆ. ಒಳಗಿನವನು ಬೀಜ ತಿಂದುಕೊಂಡು, ಅಲ್ಲೇ ಕೋಶಕಟ್ಟಿ, ಸುಮಾರು ಒಂದು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ದುಂಬಿಯಾಗುತ್ತಾನೆ. ಹಣ್ಣು ಬಿದ್ದು ಕೊಳೆತ ಮೇಲೆ ವಾಟೆ ಕೊರೆದು ಹೊರಬಂದು, ಮರದ ತೊಗಟೆಯ ಬಿರುಕಿನಲ್ಲಿ ಸೇರಿಕೊಂಡು, ಮುಂದಿನ ಹೂವಿನ ತನಕ ಮಿಸುಕಾಡದೆ ಕೂರುತ್ತಾನೆ. ವರ್ಷಕ್ಕೆ ಒಂದೇ ತಲೆಮಾರು. ಮುಟ್ಟಿದರೆ ಸತ್ತಂತೆ ಬಿದ್ದುಕೊಳ್ಳುವ ನಾಟಕ ಬೇರೆ.

ಸ್ಟರ್ನೋಕೀಟಸ್ ಮ್ಯಾಂಜಿಫೆರೆ ಎಂಬುದು ಇದರ ಶಾಸ್ತ್ರೀಯ ಹೆಸರು. 1775ರಲ್ಲೇ ಡೆನ್ಮಾರ್ಕಿನ ಫ್ಯಾಬ್ರಿಷಿಯಸ್ ಇದನ್ನು ವರ್ಣಿಸಿದ್ದಾನೆ. ಹಾರುವುದರಲ್ಲಿ ಇದು ಸೋಮಾರಿ. ಜಗತ್ತಿನ ಮಾವು ಬೆಳೆಯುವ ಬಹಳಷ್ಟು ಊರುಗಳಿಗೆ ಇದನ್ನು ಹೊತ್ತು ತಿರುಗಿಸಿದ್ದು ಹಣ್ಣು ಮತ್ತು ಗೊರಟು ಸಾಗಿಸಿದ ನಾವೇ.

ನಾನು ಸಸ್ಯಶಾಸ್ತ್ರ ಓದಿದವನಲ್ಲ. ಎಂ.ಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ. ಹೊಟ್ಟೆಪಾಡು ಐರೋಲಿಯ ಒಂದು ಐಟಿ ಕಂಪನಿಯಲ್ಲಿ, ಪ್ರಾಜೆಕ್ಟ್ ಮ್ಯಾನೇಜರ್. ಈ ದುಂಬಿಯ ಹಿಂದೆ ಬಿದ್ದದ್ದು ಅಮೆರಿಕದ ಒಂದು ಪ್ರಾಜೆಕ್ಟ್‌ನಿಂದಾಗಿ. ಗಿರಾಕಿ ಅರಣ್ಯ ಬೀಜಗಳ ವ್ಯವಹಾರದವರು. ಕಾಡ್ಗಿಚ್ಚಿನಲ್ಲಿ ಸುಟ್ಟ, ಕಡಿದು ಬೋಳಾದ ಗುಡ್ಡಗಳಿಗೆ ಮತ್ತೆ ಪೈನ್ ಸಸಿ ಬೇಕು. ಸಸಿಗೆ ಬೀಜ ಬೇಕು. ಯಾವ ಬೀಜ, ಯಾವ ಎತ್ತರದ ಯಾವ ಮರದ್ದು, ಯಾವ ವರ್ಷದ್ದು, ನೂರಕ್ಕೆ ಎಷ್ಟು ಮೊಳೆಯುತ್ತದೆ ಎಂಬ ಲೆಕ್ಕದ ಹಳೇ ದಾಖಲೆಗಳನ್ನು ಹೊಸ ಡೇಟಾಬೇಸಿಗೆ ಸಾಗಿಸುವ ಕೆಲಸ ನಮ್ಮ ತಂಡದ್ದು. ಕೆಲವು ತೋಟಗಳ ಎದುರು ಕೆಲವು ವರ್ಷಗಳ ಸಾಲು ಪೂರ್ತಿ ಖಾಲಿ ಇತ್ತು. ಡೇಟಾ ಕಾಣೆಯಾಗಿದೆಯೇ ಎಂದು ಕೇಳಿದೆವು. ಆಚೆಯಿಂದ ಒಂದು ಸಾಲಿನ ಉತ್ತರ ಬಂತು: ಕಾಣೆಯಾದದ್ದು ಡೇಟಾ ಅಲ್ಲ, ಬೀಜ, ಆ ವರ್ಷದ ಕಾಯಿಗಳನ್ನು ದುಂಬಿ ಮುಗಿಸಿತ್ತು.

ಆ ದುಂಬಿಯ ಹೆಸರು ಕೋನೋಫ್ಥೋರಸ್. ಪೈನ್ ಮರದ ಕಾಯಿಯನ್ನು, ಅಂದರೆ ಹಿಮಾಲಯ ಪ್ರವಾಸಕ್ಕೆ ಹೋದವರು ಶೋಕೇಸಿಗೆ ತಂದಿಡುವ ಆ ಶಂಕುವನ್ನು, ಹಾಳುಮಾಡುವುದು ಎಂಬುದೇ ಹೆಸರಿನ ಅರ್ಥ. ಇರುವುದು ಉತ್ತರ ಅಮೆರಿಕದ ಪೈನ್ ಕಾಡುಗಳಲ್ಲಿ. ಎಳ್ಳಿಗಿಂತ ಸ್ವಲ್ಪ ದೊಡ್ಡದು ಅಷ್ಟೆ, ಮೂರು ನಾಲ್ಕು ಮಿಲಿಮೀಟರ್. ಪೈನ್ ಕಾಯಿ ಬಲಿಯಲು ಹೆಚ್ಚುಕಡಿಮೆ ಎರಡು ವರ್ಷ ತೆಗೆದುಕೊಳ್ಳುತ್ತದೆ. ಈ ದುಂಬಿ ಎರಡನೆಯ ವರ್ಷದ ಕಾಯಿಗೇ ಕಾಯುತ್ತದೆ. ತಾಯಿದುಂಬಿ ತೊಟ್ಟಿನ ಹತ್ತಿರ ಕೊರೆದು, ಮರದಿಂದ ಕಾಯಿಗೆ ನೀರು ಆಹಾರ ಹೋಗುವ ನಾಳಗಳನ್ನು ಮೊದಲು ಕತ್ತರಿಸಿ, ಆಮೇಲೆ ನಡುದಿಂಡಿನುದ್ದಕ್ಕೂ ಮೊಟ್ಟೆ ಇಡುತ್ತದೆ. ಅಲ್ಲಿಗೆ ಕಾಯಿ ಸತ್ತಿತು. ಮರಿಗಳು ಒಣಗುತ್ತಿರುವ ಕಾಯಿಯ ಬೀಜ, ಹೊಟ್ಟು ಎಲ್ಲ ತಿನ್ನುತ್ತವೆ. ಕಾಯಿ ಉದುರಿ ನೆಲ ಸೇರುತ್ತದೆ.

ನಮ್ಮ ಮಾವಿನ ದುಂಬಿಗೂ ಇದಕ್ಕೂ ಸಂಬಂಧವಿದೆ. ಎರಡೂ ಒಂದೇ ಕುಟುಂಬದವು, ಮೂತಿಹುಳುಗಳ ಕುಟುಂಬ. ದಾಯಾದಿಗಳು ಎನ್ನಬಹುದು. ಆದರೆ ಸ್ವಭಾವ ಬೇರೆ. ಮಾವಿನದು ಬಾಡಿಗೆಗೆ ಕೂತು ಮನೆ ಉಳಿಸಿಕೊಳ್ಳುವ ಜಾತಿ. ಹಣ್ಣು ಬೆಳೆಯುತ್ತದೆ, ತಿರುಳು ನಮಗೆ ಸಿಗುತ್ತದೆ. ಪೈನಿನದು ಬಂದ ದಿನವೇ ಮನೆಯ ನೀರು ಕರೆಂಟು ಕಡಿದುಹಾಕುವ ಜಾತಿ.

ಅಮೆರಿಕದವರಿಗೆ ಇದರಿಂದ ಹೆಚ್ಚಿನ ಪೆಟ್ಟು ಬೀಳುವುದು ಬೀಜತೋಟಗಳಲ್ಲಿ. ಒಳ್ಳೆಯ ಮರಗಳ ಕಸಿಗಿಡಗಳನ್ನು ಒಂದೆಡೆ ನೆಟ್ಟು, ಬೀಜಕ್ಕೆಂದೇ ಸಾಕುವ ತೋಟ ಅದು. ಹಡಗಿನ ಪಟಸ್ತಂಭಕ್ಕೆ ಹೆಸರಾಗಿದ್ದ ಬಿಳಿ ಪೈನ್‌ನ ತೋಟಗಳಲ್ಲಿ ಬೆಳೆ ಕಡಿಮೆಯಿರುವ ವರ್ಷ ಇದ್ದಬದ್ದ ಕಾಯಿಯೆಲ್ಲ ದುಂಬಿಯ ಪಾಲಾಗಬಹುದು. ಚಳಿಗಾಲವನ್ನು ಅದು ನೆಲಕ್ಕೆ ಬಿದ್ದ ಕಾಯಿಯೊಳಗೇ ಕಳೆಯುವುದರಿಂದ, ವಸಂತಕ್ಕೆ ಮೊದಲು ತೋಟದ ನೆಲಕ್ಕೆ ಹದವಾದ ಸಣ್ಣ ಬೆಂಕಿ ಹಾಕಿ ಸುಡುವ ಉಪಾಯವನ್ನು ಅಲ್ಲಿ ಕಂಡುಕೊಂಡಿದ್ದಾರೆ. ನಮ್ಮಲ್ಲೂ ಕೃಷಿ ಇಲಾಖೆಯವರು ಹೇಳುವುದು ಅದನ್ನೇ: ಬಿದ್ದ ಹಣ್ಣು, ವಾಟೆ ಎಲ್ಲ ಆರಿಸಿ ನಾಶಮಾಡಿ, ಮರದ ಬುಡ ಚೊಕ್ಕಟವಾಗಿಡಿ.

ಮರಗಳಿಗೆ ತಮ್ಮದೇ ಉಪಾಯವೂ ಇದೆ. ಪೈನ್ ಮರಗಳು ಪ್ರತಿವರ್ಷ ಒಂದೇ ಸಮ ಕಾಯಿ ಬಿಡುವುದಿಲ್ಲ. ಒಂದೆರಡು ವರ್ಷ ದುಂಬಿಯನ್ನು ಉಪವಾಸ ಕೆಡವಿ, ಒಂದು ವರ್ಷ ಇಡೀ ಕಾಡು ಒಟ್ಟಿಗೆ ಮೈತುಂಬ ಕಾಯಿ ಬಿಡುತ್ತದೆ. ಕೊರತೆಯಲ್ಲಿ ಸಂಖ್ಯೆ ಇಳಿದ ದುಂಬಿಗಳು ಎಷ್ಟು ತಿಂದರೂ ಮಿಗುತ್ತದೆ, ಆ ಮಿಕ್ಕದ್ದೇ ಮುಂದಿನ ಕಾಡು. ಡೇನಿಯಲ್ ಜಾನ್‌ಜೆನ್ ಎಂಬ ಪರಿಸರ ವಿಜ್ಞಾನಿ 1976ರಲ್ಲಿ ಬಿದಿರು ಅಷ್ಟು ವರ್ಷ ಕಾದು ಹೂಬಿಡುವುದೇಕೆ ಎಂದು ಕೇಳಿಕೊಂಡು ಹೇಳಿದ್ದೂ ಇದೇ ಮಾತು. ಬಿದಿರಿಗೆ ಹೂ ಬಂದರೆ ಬರ ಎಂದು ನಮ್ಮ ಹಿರಿಯರು ಹೆದರುತ್ತಿದ್ದುದರ ಹಿಂದೆ, ಬಿದಿರಕ್ಕಿ ತಿಂದು ಕೊಬ್ಬಿ ಆಮೇಲೆ ಗದ್ದೆಗೆ ನುಗ್ಗುವ ಇಲಿಗಳ ಹಿಂಡಿದೆ.

ಮುಂಬೈಯವರಿಗೆ ಇದನ್ನು ನೋಡಲು ದೂರ ಹೋಗಬೇಕಿಲ್ಲ. ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ, ಥಾಣೆ ಬದಿಯ ಯೇವೂರ್ ಗುಡ್ಡಗಳಲ್ಲಿ ಕಾರ್ವಿ ಎಂಬ ಪೊದೆಗಿಡವಿದೆ. ಮುನ್ನಾರಿನ ನೀಲಕುರಿಂಜಿಯ ಬಳಗ. ಅದಕ್ಕೆ ಹನ್ನೆರಡು ವರ್ಷವಾದರೆ ಇದಕ್ಕೆ ಎಂಟು. 2016ರ ಮಳೆಗಾಲದ ಕೊನೆಯಲ್ಲಿ ಹೂ ಬಿಟ್ಟಾಗ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಗುಡ್ಡಕ್ಕೆ ಗುಡ್ಡವೇ ನೇರಳೆಯಾಗಿತ್ತು. ಒಟ್ಟಿಗೆ ಹೂಬಿಟ್ಟು, ಒಟ್ಟಿಗೆ ಬೀಜ ಸುರಿಸಿ, ಒಟ್ಟಿಗೆ ಸಾಯುವ ಗಿಡ ಅದು. ಅಂದು ಫೋಟೋ ತೆಗೆದುಕೊಂಡು ಬಂದೆವು ಅಷ್ಟೆ.

ಇನ್ನು ಮಾವಿನ ದುಂಬಿಯ ವಿಷಯದಲ್ಲಿ ಈ ನಗರಕ್ಕೆ ಬೇರೆಯೇ ಒಂದು ನಂಟಿದೆ. ನಮ್ಮ ಮಾವಿಗೆ ಅಮೆರಿಕ ವರ್ಷಗಟ್ಟಲೆ ಬಾಗಿಲು ಹಾಕಿದ್ದಕ್ಕೆ ಕಾರಣವಾದ ಕೀಟಗಳಲ್ಲಿ ಇದೂ ಒಂದು. 2007ರಲ್ಲಿ ಆ ಬಾಗಿಲು ತೆರೆದದ್ದು ಹಣ್ಣಿಗೆ ಗಾಮಾ ವಿಕಿರಣ ಕೊಟ್ಟು ಕಳಿಸುವ ಒಪ್ಪಂದದ ಮೇಲೆ. ಕನಿಷ್ಠ ಪ್ರಮಾಣ 400 ಗ್ರೇ. ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿ ಮೊಳೆಯದಿರಲೆಂದು ಟ್ರಾಂಬೆಯ ಬಾಬಾ ಅಣು ಸಂಶೋಧನಾ ಕೇಂದ್ರದವರು ಕಟ್ಟಿದ್ದ ಘಟಕವೇ ಆಗ ಮಾವಿನ ಕೆಲಸಕ್ಕೂ ಬಂತು. ಈಗ ವಾಶಿಯಲ್ಲೇ ಅಂಥ ಘಟಕವಿದೆ. ವಿಕಿರಣದ ನಂತರ ದುಂಬಿ ಅಲ್ಲೇ ಸಾಯಬೇಕೆಂದಿಲ್ಲ. ಅದರ ಸಂತಾನ ಮುಂದುವರಿಯುವುದಿಲ್ಲ, ಪರದೇಶದವರಿಗೆ ಬೇಕಾದದ್ದು ಅಷ್ಟೇ. ಐರೋಲಿಯಿಂದ ವಾಶಿ ಕಡೆ ಹೋಗುವಾಗ ಏಪ್ರಿಲ್ ಮೇ ತಿಂಗಳಲ್ಲಿ ಮಾರ್ಕೆಟ್ ಎದುರು ಪೇಟಿ ತುಂಬಿದ ಲಾರಿಗಳ ಸಾಲು ಕಾಣುತ್ತದೆ. ಹಣ್ಣು ಹೋಗಬೇಕಾದಲ್ಲಿಗೆ ಹೋಗುತ್ತದೆ, ತಿಂದವರು ಗೊರಟು ಕಸದ ಬುಟ್ಟಿಗೆ ಹಾಕುತ್ತಾರೆ. ಪೇಟೆಗೆ ಬೇಕಾದದ್ದು ತಿರುಳು. ಬೀಜ ಬೇಕಾದವರ ಕಥೆ ಬೇರೆ.

ನಮ್ಮ ಮನೆಯ ಕಥೆ ಅಂಥದ್ದು. ಅಡಿಕೆ ತೋಟದ ಕೆಳಗೆ ಹಳ್ಳದ ದಂಡೆಯಲ್ಲಿ ಒಂದು ಅಪ್ಪೆಮರವಿತ್ತು. ಅಪ್ಪೆಮಿಡಿಯ ರುಚಿ ಗೊತ್ತಿಲ್ಲದವರಿಗೆ ಬರೆದು ತಿಳಿಸುವುದು ಕಷ್ಟ. ಶರಾವತಿ, ಅಘನಾಶಿನಿ, ವರದಾ ಹೊಳೆಗಳ ಅಂಚಿನಲ್ಲಿ ತಾನಾಗಿ ಬೆಳೆದ ಕಾಡುಮಾವು. ಒಂದೊಂದು ಮರದ್ದು ಒಂದೊಂದು ಪರಿಮಳ; ಜೀರಿಗೆಯದ್ದು, ಕರ್ಪೂರದ್ದು. ಅನಂತಭಟ್ಟನ ಅಪ್ಪೆಯಂಥ ಕೆಲವಕ್ಕೆ ಊರಾಚೆಗೂ ಹೆಸರಿದೆ. ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಉಪ್ಪುನೀರಿನಲ್ಲಿ ಹಾಕಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ಮರಕ್ಕೆ ಹೆಸರಿರಲಿಲ್ಲ. 'ಹಳ್ಳದ ಅಪ್ಪೆ' ಎಂದರೆ ಅದೇ.

ಅಪ್ಪೆಯನ್ನು ಕೊಯ್ಯುವುದು ಮಿಡಿಯಾಗಿದ್ದಾಗ, ವಾಟೆ ಕಟ್ಟುವ ಮೊದಲು. ಪೈನಿನ ದುಂಬಿಯ ಬಗ್ಗೆ ಓದುವಾಗ ನನಗೆ ತಟ್ಟನೆ ಹೊಳೆದದ್ದು ಇದು: ತೊಟ್ಟಿನಲ್ಲೇ ಕತ್ತರಿಸಿ, ಬೀಜ ಆಗಲು ಬಿಡದೆ ಕಾಯಿ ಮುಗಿಸುವವರು ನಾವೂ ಹೌದಲ್ಲ! ವಾಟೆಯ ದುಂಬಿಗೆ ಸಿಗುವುದಕ್ಕಿಂತ ಮೊದಲೇ ಇಡೀ ಫಸಲು ಭರಣಿ ಸೇರಿರುತ್ತದೆ. ದರ ಏರಿದಂತೆ ಮರ ಹತ್ತುವವರು ಟೊಂಗೆ ಸಮೇತ ಕಡಿದು ಕೆಡವುವುದೂ ಶುರುವಾಯಿತು. ಹಿಮಾಚಲದ ಕಿನ್ನೌರಿನಲ್ಲಿ ಚಿಲ್ಗೋಜಾ ಪೈನ್‌ನ ಪಾಡೂ ಇದೇ. ಮಸ್ಜಿದ್ ಬಂದರ್‌ನ ಅಂಗಡಿಗಳಲ್ಲಿ ಬಾದಾಮಿಗಿಂತ ಎಷ್ಟೋ ಪಟ್ಟು ದುಬಾರಿಗೆ ಸಿಗುವ ಆ ಬೀಜಕ್ಕಾಗಿ ಕಾಯಿ ಬಿರಿಯುವ ಮೊದಲೇ ಕಿತ್ತುಬಿಡುತ್ತಾರೆ. ಕಾಡಿನಲ್ಲಿ ಹೊಸ ಸಸಿ ಏಳುವುದೇ ಅಪರೂಪವಾಗಿದೆ. ಹುಳಕ್ಕೆ ಉಪವಾಸದ ವರ್ಷವೆಂಬುದೊಂದಿದೆ. ನಮಗೆ ಅದೂ ಇಲ್ಲ. ಈ ಮರ ಬಿಡದಿದ್ದರೆ ಇನ್ನೊಂದು ಮರಕ್ಕೆ ಹೋಗುತ್ತೇವೆ.

ಮೂರು ವರ್ಷದ ಹಿಂದೆ ಗಾಳಿಮಳೆಗೆ ಹಳ್ಳದ ಅಪ್ಪೆಯ ಬುಡ ಸೀಳಿತು. ಪಂಪ್‌ಸೆಟ್ಟಿನ ಕರೆಂಟ್ ತಂತಿಯ ಕಡೆಗೆ ಮರ ವಾಲಿತ್ತು. ಮುಂದಿನ ಮಳೆಗಾಲದೊಳಗೆ ಅಲ್ಲದಿದ್ದರೂ ಅದು ಮುಗಿದ ಮೇಲಾದರೂ ಕಡಿಯಲೇಬೇಕು ಎಂದು ಅಣ್ಣ ಹೇಳಿದ. ನರ್ಸರಿಯವರನ್ನು ಕರೆಸಿ ಕಸಿಗೆ ಕಡ್ಡಿ ತೆಗೆಸಿಯೂ ಆಗಿತ್ತು. 12ರಲ್ಲಿ 5 ಹತ್ತಿಕೊಂಡವು. ಫೆಬ್ರವರಿಯಲ್ಲಿ ಮಿಡಿ ಕಚ್ಚಿದಾಗ ಫೋನು ಮಾಡಿದೆ.

'ಅಣ್ಣ, ಈ ಸಲ ಒಂದು ಟೊಂಗೆ ಕೊಯ್ಯದು ಬೇಡ. ಹಣ್ಣಾಗ್ಲಿ.'

'ಹಣ್ಣಾಗಿ? ಅದರ ಹಣ್ಣು ಬಾಯಿಗಿಡಕ್ಕಾಗತ್ತಾ?'

'ವಾಟೆ ಬೇಕು.'

'ಕಸಿ ಆಗಿದೆಯಲ್ಲ ಮಾರಾಯ. ವಾಟೆ ಹಾಕಿದ್ರೆ ಅದೇ ರುಚಿ ಬರತ್ತೆ ಅಂತ ಯಾರು ಹೇಳಿದ್ರು?'

ಅವನು ಹೇಳಿದ್ದು ಸರಿ. ಅಪ್ಪೆಯ ವಾಟೆ ನೆಟ್ಟರೆ ತಾಯಿಯ ಗುಣವೇ ಬರುತ್ತದೆಂಬ ಖಾತ್ರಿಯಿಲ್ಲ. ಕಸಿ ಎಂದರೆ ಆ ಮರವೇ, ಬೇರೆ ಕಾಲಿನ ಮೇಲೆ ನಿಂತದ್ದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬ್ಯಾಕಪ್. ಆದರೆ ಬರೀ ಬ್ಯಾಕಪ್ ಇಟ್ಟುಕೊಂಡವರಿಗೆ ಹೊಸದು ಯಾವತ್ತೂ ಸಿಗುವುದಿಲ್ಲ. ಹೆಸರು ಮಾಡಿದ ಅಪ್ಪೆಗಳೆಲ್ಲ ಒಂದು ಕಾಲಕ್ಕೆ ಯಾವುದೋ ವಾಟೆಯಿಂದ ತಾನಾಗಿ ಎದ್ದ ಸಸಿಗಳೇ. ಇನ್ನು ಮಾವಿನ ಬೀಜವನ್ನು ಪೈನ್ ಬೀಜದಂತೆ ಒಣಗಿಸಿ ತಣ್ಣನೆಯ ಕೋಣೆಯಲ್ಲಿ ವರ್ಷಗಟ್ಟಲೆ ಕೂಡಿಡಲೂ ಆಗದು. ಒಣಗಿದರೆ ಸಾಯುತ್ತದೆ, ಕೆಲವು ವಾರದೊಳಗೆ ಮಣ್ಣಿಗೆ ಬೀಳಬೇಕು. ಮರ ಹೋಗುವ ಮೊದಲಿನ ಈ ಒಂದು ಫಸಲೇ ಉಳಿದದ್ದು.

ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಲ್ಲಿ ಕೂತ್ಕಂಡು ಹೇಳದು ಸುಲಭ. ವ್ಯಾಪಾರಿ ಇಡೀ ಮರ ಅಂತ ಮಾತಾಡಿ ಹೋಗಿದಾನೆ. ಒಂದು ಟೊಂಗೆ ಮಿಡಿ ಅಂದ್ರೆ ಎಷ್ಟು ದುಡ್ಡು ಗೊತ್ತಾ?' ಎಂದ. ನಾನು ಕೊಡುತ್ತೇನೆ ಎಂದೆ. 'ನಿನ್ನ ಹತ್ರ ದುಡ್ಡು ಕೇಳಿದ್ನಾ ನಾನು?' ಎಂದು ಫೋನಿಟ್ಟ.

ಊರು ಬಿಟ್ಟವರಿಗೆಲ್ಲ ಗೊತ್ತಿರುವ ಜಾಗ ಇದು. ಆಸ್ತಿಯಲ್ಲಿ ಪಾಲಿದೆ, ಮರದ ಮೇಲೆ ಪ್ರೀತಿಯಿದೆ. ಮಂಗ ಓಡಿಸುವವನು, ತಂತಿ ಹರಿದರೆ ಕರೆಂಟ್ ಆಫೀಸಿಗೆ ಅಲೆಯುವವನು ಇನ್ನೊಬ್ಬ. ಯಾವ ಮಾತನ್ನು ಎಷ್ಟು ಹೇಳಬಹುದು ಎಂಬ ಲೆಕ್ಕ ಯಾವ ಎಂ.ಟೆಕ್‌ನಲ್ಲೂ ಕಲಿಸುವುದಿಲ್ಲ.

ವಾರ ಬಿಟ್ಟು ಅಮ್ಮ ಫೋನು ಮಾಡಿದರು. ಆ ಕಡೆ ಈ ಕಡೆ ಮಾತಾಡಿ, ಕೊನೆಗೆ, 'ಹಳ್ಳದ ಅಪ್ಪೆ ನೆಟ್ಟೋರು ಯಾರು ಹೇಳು? ನಿಮ್ಮಜ್ಜನೂ ಅಲ್ಲ, ಅವರಪ್ಪನೂ ಅಲ್ಲ. ಹಳ್ಳವೇ ಎಲ್ಲಿಂದಲೋ ವಾಟೆ ತಂದು ಹಾಕಿದ್ದು. ಕಸಿ ಮನೆಗಿರ್ಲಿ, ವಾಟೆ ಹಳ್ಳಕ್ಕೆ ಹೋಗ್ಲಿ ಅಂತ ಅವನಿಗೆ ಹೇಳಿದೀನಿ' ಎಂದರು. ತಂತಿಯ ಎದುರುಬದಿಯ ಒಂದು ಟೊಂಗೆ ಉಳಿಯಿತು.

ಜೂನ್ ಮೊದಲ ವಾರ ಲ್ಯಾಪ್‌ಟಾಪ್ ಹೊತ್ತು ಊರಿಗೆ ಹೋದೆ. ಮಂಗ, ಬಾವಲಿ ಬಿಟ್ಟದ್ದು 31 ಹಣ್ಣು. ಸಂಜೆಯ ಕಾಲ್‌ಗಳು ಶುರುವಾಗುವ ಮೊದಲು ಜಗಲಿಯಲ್ಲಿ ಕೂತು ಅಣ್ಣನೂ ನಾನೂ ವಾಟೆಯ ಹೊರಚಿಪ್ಪನ್ನು ಕತ್ತರಿಯಿಂದ ಬಿಡಿಸಿದೆವು. ಹಾಗೆ ಬಿಡಿಸಿ ಹಾಕಿದರೆ ಬೇಗ ಮೊಳೆಯುತ್ತದೆ. ಮೊದಲನೆಯದರಲ್ಲೇ ದುಂಬಿ. ಎರಡನೆಯದು ಚೊಕ್ಕ. ಮೂರನೆಯದರಲ್ಲಿ ಬಿಳಿ ಮರಿ, ಪಕ್ಕದಲ್ಲಿ ಕಪ್ಪು ಹಿಟ್ಟಿನಂಥ ಹಿಕ್ಕೆ. ಕೊನೆಗೆ ಲೆಕ್ಕ ಹಾಕಿದಾಗ 13ರಲ್ಲಿ ಹುಳವಿತ್ತು. ಹಿಡಿದ ದುಂಬಿಗಳನ್ನು ಅಣ್ಣ ಬಚ್ಚಲ ಒಲೆಗೆ ಹಾಕಿದ. ತಿಂದ ಬೀಜಗಳನ್ನೂ ಅದೇ ದಾರಿಗೆ ಕಳಿಸುವವನಿದ್ದ. ನಾನು ಬೇಡವೆಂದೆ.

ಅದಕ್ಕೆ ಕಾರಣವಿತ್ತು. ಹವಾಯಿಯಲ್ಲಿ ಇದೇ ದುಂಬಿಯ ಮೇಲೆ ಅಧ್ಯಯನ ಮಾಡಿದವರು, ಹುಳ ತಿಂದ ಮಾವಿನ ಬೀಜಗಳೂ ಬಹಳಷ್ಟು ಮೊಳೆಯುತ್ತವೆ ಎಂದು ಕಂಡಿದ್ದರು. ಮಾವಿನ ಬೀಜದಲ್ಲಿ ಬುತ್ತಿ ಜಾಸ್ತಿ. ಹುಳ ತಿನ್ನುವುದು ಬಹುಪಾಲು ಆ ಬುತ್ತಿಯನ್ನು. ಮೊಳಕೆಯ ಮೂಲೆ ಉಳಿದರೆ ಅರ್ಧಂಬರ್ಧ ಬುತ್ತಿಯಲ್ಲೂ ಸಸಿ ಏಳುತ್ತದೆ. ಪೈನ್ ಕಾಯಿಗೆ ಈ ಅವಕಾಶವೇ ಇಲ್ಲ. 'ನೋಡಾಣ' ಎಂದ ಅಣ್ಣ. ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಚೊಕ್ಕವನ್ನು ಒಂದು ಸಾಲು, ಹುಳಕಿನದನ್ನು ಇನ್ನೊಂದು ಸಾಲು ಹಾಕಿ ನಾನು ಥಾಣೆಗೆ ಬಂದೆ.

ಜುಲೈ ಕೊನೆಗೆ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಚೊಕ್ಕ 18ರಲ್ಲಿ 15, ಹುಳಕು 13ರಲ್ಲಿ 6. ಹುಳಕಿನವು ಗಿಡ್ಡ ಇದ್ದವು. ಎಲೆ ಮಾತ್ರ ಅದೇ ತಾಮ್ರದ ಬಣ್ಣ.

ನವೆಂಬರಿನಲ್ಲಿ ಮರ ಕಡಿದರು. ನಾನು ಹೋಗಲಿಲ್ಲ, ರಿಲೀಸ್ ಇತ್ತು. ಅಮ್ಮ ಆ ದಿನ ಹಳ್ಳದ ಕಡೆ ಹೋಗಲೇ ಇಲ್ಲವಂತೆ. ದಿಮ್ಮಿಯ ತೊಗಟೆ ಎಬ್ಬಿಸಿದಾಗ ಬಿರುಕುಗಳಲ್ಲಿ ಮುದುಡಿ ಕೂತ ದುಂಬಿಗಳು ಸಿಕ್ಕವೆಂದು ಅಣ್ಣ ಹೇಳಿದ. ಮುಂದಿನ ಹೂವಿಗೆ ಕಾಯುತ್ತಿದ್ದವು. 'ಮುಟ್ಟಿದ್ರೆ ಸತ್ತಂಗೆ ಬಿದ್ಕಂತವೆ ಮಾರಾಯ' ಎಂದ. ತೊಗಟೆಯನ್ನು ಅಲ್ಲೇ ಸುಟ್ಟನಂತೆ.

ಮರುವರ್ಷದ ಮಳೆಗೆ ಉಳಿದ 17 ಸಸಿಗಳು ಹಳ್ಳದ ದಂಡೆಗೆ ಹೋದವು. ದನ ಮೇಯದಂತೆ ಸುತ್ತ ಮುಳ್ಳು ಕಟ್ಟಿದ್ದಾರೆ. ವಾಟೆಯಿಂದ ಎದ್ದ ಗಿಡ ಮಿಡಿ ಕೊಡಲು ಎಂಟು ಹತ್ತು ವರ್ಷ ಬೇಕು. ಯಾವುದು ಅಪ್ಪೆಯ ಪರಿಮಳ ಹಿಡಿದೀತು, ಯಾವುದು ಬರೀ ಹುಳಿ ಕಾಟುಮಾವು ಆದೀತು ಎಂಬುದು ಆಗಲೇ ಗೊತ್ತಾಗುವುದು. ಅಣ್ಣನ ಪ್ರಕಾರ ಎಲ್ಲವೂ ಕಾಟೇ.

ಈ ಫೆಬ್ರವರಿಯಲ್ಲಿ ಮಿಡಿ ಉಪ್ಪಿಗೆ ಹಾಕಿದ ವಿಷಯ ಹೇಳುತ್ತ ಅಣ್ಣ ನಡುವೆ ಒಂದು ಮಾತು ಸೇರಿಸಿದ. ಗುಡ್ಡದ ಮೇಲಿನ ಇನ್ನೊಂದು ಅಪ್ಪೆಮರದ ಮೇಲಿನ ಟೊಂಗೆ ಕೊಯ್ಯಬೇಡ ಎಂದು ವ್ಯಾಪಾರಿಗೆ ಹೇಳಿದ್ದಾನಂತೆ. ದರದ ಬಗ್ಗೆ ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಜೂನ್‌ಗೆ ಒಂದು ವಾರ ರಜೆ ಹಾಕಿದ್ದೇನೆ.